ಕಿಟಕಿಯ ಕೆಳಗಿದ್ದ ಅಜ್ಜಿ

ಬೆಳಗಾಗುತ್ತಲೇ ಕಿಟಕಿಯ ಕೆಳಗೆ ಯಾರೋ ಬಗ್ಗಿ ನನ್ನ ಮನೆಯ ಗೋಡೆ ಕೆರೆಯುತ್ತಿದ್ದರು. ಹೊರಗೆ ಮೊಣಕಾಲುದ್ದ ಹಿಮ. ಜಪಾನಿನ ಹಳ್ಳಿಯೊಂದರಲ್ಲಿ ಇಂಗ್ಲಿಷ್ ಕಲಿಸಲು ಹೋಗಿದ್ದ ನನಗೆ ಅದು ಮೊದಲ ಚಳಿಗಾಲ. ಇಣುಕಿದರೆ ಪಕ್ಕದ ಮನೆಯ ಅಜ್ಜಿ. ಎದುರಾದರೂ ನಗುವವಳಲ್ಲ. ನನ್ನ ಮೇಲೆ ಕಣ್ಣಿಟ್ಟಿದ್ದಾಳೆ ಅನಿಸಿ, ಪರದೆ ಎಳೆದು ಮುಂಬಯಿಯ ಘಾಟ್ಕೋಪರ್‌ನಲ್ಲಿದ್ದ ಅವ್ವನಿಗೆ ಫೋನ್ ಮಾಡಿದೆ.

"ಬಾಗಲಾ ಮಾತ್ರ ತಗೀಬ್ಯಾಡವಾ," ಅಂದಳು ಅವ್ವ.

ಮರುದಿನವೂ ಅದೇ ಸದ್ದು. ತಡೆಯಲಾಗದೆ ಹೊರಗೆ ಹೋಗಿ, ಏನು ಮಾಡುತ್ತಿದ್ದೀರಿ ಎಂದು ಅರೆಬರೆ ಜಪಾನಿಯಲ್ಲಿ ಕೇಳಿದೆ. ಅಜ್ಜಿ ಸಲಿಕೆಯಿಂದ ಹಿಮ ಕೆರೆದು ಗೋಡೆಯ ಕೊಳವೆ ತೋರಿಸಿದರು. ನನ್ನ ಹೀಟರಿನ ಹೊಗೆ ಹೊರಗೆ ಹೋಗುವುದು ಅದರಿಂದಲೇ.

"ಹಿಮ ಇದನ್ನು ಮುಚ್ಚಿದರೆ ಹೊಗೆ ಒಳಗೇ ತುಂಬುತ್ತದೆ. ಮಲಗಿದವಳು ನೀನು ಮತ್ತೆ ಏಳುವುದಿಲ್ಲ," ಎಂದರು, ಆಗಲೂ ನಗದೆ.

ಈಗ ಮುಂಬಯಿಯಲ್ಲಿ ನಮ್ಮ ಬಿಲ್ಡಿಂಗಿಗೆ ಹೊಸ ಬಾಡಿಗೆದಾರರು ಬಂದರೆ ನಾನೂ ಎಲ್ಲರಂತೆ ಬಾಗಿಲ ಕಿಂಡಿಯಿಂದಲೇ ನೋಡುತ್ತೇನೆ. ಆದರೆ ಆಮೇಲೆ ಬಾಗಿಲು ತೆಗೆದು ಹೋಗಿ, ನಲ್ಲಿಯಲ್ಲಿ ನೀರು ಬರುವ ಹೊತ್ತು ಹೇಳಿ ಬರುತ್ತೇನೆ.