ಹಾರ ಹಾಕಿದ ಫ್ಲೆಕ್ಸ್

ನಮ್ಮೂರಿನಲ್ಲಿ ಮನುಷ್ಯ ಗೆದ್ದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ನ್ಯಾಮತಿ ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಒಂದು ಇಳಿಯುವುದರೊಳಗೆ ಇನ್ನೊಂದು ಏರುತ್ತದೆ. ಅದರಲ್ಲಿ ಹಲ್ಲು ಕಿರಿಯುವ ಮುಖಗಳನ್ನು ನಾನು ಯಾವತ್ತೂ ನಿಂತು ನೋಡಿದವಳಲ್ಲ. ಹೊಲಿಗೆ ಅಂಗಡಿಯವಳಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ನಮ್ಮವರು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು. ಜೊತೆಗೆ ಮೀಸಲು ಸೈನಿಕರು. ವರ್ಷಕ್ಕೆ ಒಂದೆರಡು ತಿಂಗಳು ಸಮವಸ್ತ್ರ ಹಾಕಿಕೊಂಡು ತರಬೇತಿಗೆ ಹೋಗುವುದು, ಮಿಕ್ಕ ದಿನ ಊರಲ್ಲಿ ತಮ್ಮ ಕಸುಬು, ಯುದ್ಧ ಬಂದರೆ ಕರೆದ ಕೂಡಲೇ ಹೊರಡುವುದು. ಊರವರಿಗೆ ಇದೊಂದು ತಮಾಷೆ. "ಏನಪ್ಪಾ ಅರ್ಧ ಮಿಲಿಟ್ರಿ, ಗನ್ ಹಿಡಿಯಾಕೆ ಹೊಂಟ್ಯೋ, ಸ್ಪ್ಯಾನರ್ ಹಿಡಿಯಾಕೆ ಹೊಂಟ್ಯೋ?" ಎಂದು ಟೀ ಅಂಗಡಿಯವನು ರೇಗಿಸುತ್ತಿದ್ದ. ಅವರು ನಕ್ಕು ಸುಮ್ಮನಾಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳೂರು ತಾಲ್ಲೂಕಿನ ಸೊಕ್ಕೆಯವಳು ನಾನು, ನಮ್ಮ ಕಡೆ ಬಾಯಿ ಸ್ವಲ್ಪ ಜೋರೇ. ಒಂದೆರಡು ಸಲ ಅವನಿಗೆ ಬಿಸಿ ಮುಟ್ಟಿಸಿದ್ದೂ ಉಂಟು.

ಕೊನೆಗೆ ನಿಜವಾದ ಕರೆಯೇ ಬಂತು. ಬಿಚ್ಚಿಟ್ಟ ಮೋಟಾರೊಂದನ್ನು ಪಡಸಾಲೆಯಲ್ಲಿ ಹಾಗೇ ಬಿಟ್ಟು ಹೊರಟರು. ಗಡಿಯಲ್ಲಿ ಶೆಲ್ ಬೀಳುತ್ತಿದ್ದ ದಿನಗಳಲ್ಲಿ ಒಮ್ಮೆ ಫೋನ್ ಮಾಡಿ, "ಕತ್ತಲಗೆರೆಯವನು ಹೋಗ್ಬಿಟ್ಟ ಕಣೇ" ಎಂದರು. ಚನ್ನಗಿರಿ ತಾಲ್ಲೂಕಿನ ಆತ ಇವರ ಜೊತೆಗೇ ಸೇರಿದವನು, ಇವರಂತೆಯೇ ಮೀಸಲಿನವನು. ನಾನು ಆತನ ಬಗ್ಗೆ ಏನೂ ಕೇಳಲಿಲ್ಲ. "ನಿಮಗೇನೂ ಆಗಿಲ್ಲ ತಾನೇ?" ಎಂದಷ್ಟೇ ಕೇಳಿದೆ. ಲೈನ್ ಕಟ್ಟಾಯಿತು.

ಗುಂಡು ನಿಂತಿತು ಎಂದು ಟಿವಿಯವರು ಹೇಳಿದರು. ನಿಂತ ಮೇಲೂ ಇವರನ್ನು ಕಳಿಸಲಿಲ್ಲ. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಫೋನು ಶ್ರಾವಣದ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಅದೇ ವಾರ ಗಡಿಯಲ್ಲಿ ಮತ್ತೆ ಗುಂಡಿನ ಸದ್ದು ಎಂಬ ಸುದ್ದಿ. ನಾನು ಹೊಲಿದ ರವಿಕೆಗಳೆಲ್ಲ ವಾಪಸ್ ಬಂದವು, ಒಂದರ ತೋಳೂ ಸರಿ ಕೂತಿರಲಿಲ್ಲ.

ಅಂಥ ಒಂದು ದಿನ ಬೆಳಗ್ಗೆಯೇ ಹೊನ್ನಾಳಿಗೆ ಹೋಗಿದ್ದೆ. ಲೈನಿಂಗ್ ಬಟ್ಟೆ ಕೊಂಡು, ಕತ್ತರಿಗೆ ಸಾಣೆ ಹಿಡಿಸಿ ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಮಿಸ್ಡ್ ಕಾಲ್ ಬಂದಿದೆಯೇ ಎಂದು ನೋಡಿ ನೋಡಿಯೇ ಫೋನಿನ ಚಾರ್ಜು ಮುಗಿದಿತ್ತು. ಬಸ್ಸು ನ್ಯಾಮತಿ ಸರ್ಕಲ್ಲಿಗೆ ತಿರುಗಿತು. ಕಿಟಕಿಯಲ್ಲಿ ನನ್ನ ಗಂಡ ಕಂಡರು.

ಫ್ಲೆಕ್ಸಿನಲ್ಲಿ. ಸಮವಸ್ತ್ರದಲ್ಲಿ, ನಗುತ್ತಾ. ಫೋಟೋದ ಸುತ್ತ ಸೇವಂತಿಗೆ ಹಾರ, ಕೆಳಗೆ ಉರಿಯುವ ದೀಪ. 'ವೀರಯೋಧನಿಗೆ ನಮ್ಮೂರಿನ ನಮನ.'

ಪಡಸಾಲೆಯ ಮೋಟಾರನ್ನು ಇನ್ನು ಯಾರು ಜೋಡಿಸುತ್ತಾರೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಬಸ್ಸಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಟೀ ಅಂಗಡಿಯವನು ಸ್ವೀಟ್ ಬಾಕ್ಸ್ ಹಿಡಿದುಕೊಂಡು ಓಡಿಬಂದ.

"ಅಕ್ಕಾ, ಬಾಯಿ ಸಿಹಿ ಮಾಡ್ಕೊಳ್ರಿ!"

ಇವನೆಂಥ ರಾಕ್ಷಸ ಎಂದುಕೊಂಡೆ.

"ಅಣ್ಣಾರಿಗೆ ಪದಕ ಬಂದೈತ್ರಿ! ನೀವು ಹೊನ್ನಾಳಿಗೆ ಹೋದ ಮ್ಯಾಲೆ ಟಿವಿಯಾಗೆ ಹೇಳಿದ್ರು. ಶೆಲ್ ಬೀಳಾ ಜಾಗದಾಗೆ ಗಾಯ ಆದೋರ್ನ ಹೊತ್ಕೊಂಡು ಬಂದಿದ್ರಂತೆ."

"ಬದುಕ್ಯಾರಾ?" ಎಂದೆ.

"ಅಯ್ಯೋ, ಎಂಥಾ ಮಾತಾಡ್ತೀರ್ರಿ! ಈಗಷ್ಟೇ ನನ್ ಫೋನಿಗೆ ಮಾತಾಡಿದ್ರು. ನಿಮ್ದು ಸ್ವಿಚಾಫ್ ಅಂತ ನಂಗೆ ಮಾಡಿದ್ರು."

"ಮತ್ತೆ ಹಾರ ಯಾಕೆ ಹಾಕೀರಿ?"

ಅವನು ತಲೆಯೆತ್ತಿ ಫ್ಲೆಕ್ಸ್ ನೋಡಿದ. ಆಗಲೇ ಅವನಿಗೂ ಹೊಳೆದದ್ದು. "ಫ್ಲೆಕ್ಸ್ ಅಂಗಡಿಯೋನ ಹತ್ರ ಮಿಲಿಟ್ರಿಯೋರ್ದು ಅದೊಂದೇ ಡಿಸೈನ್ ಇತ್ತಂತ್ರಿ. ಮುಖ ಬದ್ಲಿ ಮಾಡಿ ಕೊಟ್ಟ. ಚೆಂದ ಕಾಣ್ತೈತೆ ಅಂತ ನಾವೂ..."

ಬಾಯಿಗೆ ಬಂದಂತೆ ಬೈದೆ. ಫ್ಲೆಕ್ಸ್ ಇಳಿಸಿ ನೆಲಕ್ಕೆ ಹಾಸಿಸಿದೆ. ಚೀಲದಿಂದ ಕತ್ತರಿ ತೆಗೆದು ಹಾರ, ದೀಪ ಎರಡನ್ನೂ ಕತ್ತರಿಸಿ ಬಿಸಾಕಿದೆ. ಆಮೇಲೆ ಅದೇ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಊರೆಲ್ಲ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತೆ. ಅಷ್ಟು ಸಂತೋಷ ಜೀವಮಾನದಲ್ಲಿ ಆಗಿರಲಿಲ್ಲ.

ರಜೆಗೆ ಬಂದವರು ಸನ್ಮಾನಕ್ಕೆ ಒಪ್ಪಲಿಲ್ಲ. "ಮೊದ್ಲು ಕತ್ತಲಗೆರೆಗೆ ಹೋಗಿ ಬರಾಣ" ಎಂದರು. ಬೈಕಿನಲ್ಲಿ ಹೊರಟೆವು. ಹೊನ್ನಾಳಿ ದಾಟಿದ ಮೇಲೆ, ಮುಖ ನನಗೆ ಕಾಣದು ಎಂಬ ಧೈರ್ಯಕ್ಕೋ ಏನೋ, ತಾವಾಗಿಯೇ ಬಾಯಿಬಿಟ್ಟರು.

"ಇಬ್ರು ಬಿದ್ದಿದ್ರು. ಒಬ್ಬ ಇನ್ನೂ ಹೊಸಬ, ಚೀರಾಡ್ತಿದ್ದ. ಇನ್ನೊಬ್ಬ ಈ ಕತ್ತಲಗೆರೆಯವನು. 'ಮೊದ್ಲು ಅವನ್ನ ಹೊತ್ಕೊಂಡೋಗು, ನಾನು ತಡೀತೀನಿ' ಅಂದ. ಹೊಸಬನ್ನ ಕೆಳಗೆ ಇಳಿಸಿ ಮತ್ತೆ ಹೋದೆ. ಬ್ಯಾಡ ಅಂದ್ರು, ಹೋದೆ. ಇವನ್ನ ಬೆನ್ನಿಗೆ ಹಾಕ್ಕೊಂಡು ಅರ್ಧ ದಾರಿ ಬಂದಿದ್ದೆ. ಮಾತಾಡ್ತಾನೇ ಇದ್ದ. ಆಮೇಲೆ ಭಾರ ಆದ."

ನಾನು ಅವರ ಬೆನ್ನಿಗೆ ಹಣೆ ಇಟ್ಟೆ. ಆ ಬೆನ್ನಿನ ಮೇಲೆಯೇ ಒಂದು ಜೀವ ಹೋಗಿತ್ತು.

ಕತ್ತಲಗೆರೆಯ ಬಸ್ ಸ್ಟಾಪಿನಲ್ಲಿ ಬೈಕು ನಿಂತಿತು. ಆತನ ಹೆಂಡತಿ ನಮ್ಮನ್ನು ಮನೆಗೆ ಕರೆದೊಯ್ಯಲು ಅಲ್ಲಿಯವರೆಗೂ ಬಂದಿದ್ದಳು. ನನ್ನದೇ ವಯಸ್ಸು. ಅವಳ ಹಿಂದೆ ಕಂಬಕ್ಕೆ ಕಟ್ಟಿದ್ದ ಫ್ಲೆಕ್ಸ್ ಬಿಸಿಲಿಗೆ ಬಣ್ಣ ಬಿಟ್ಟಿತ್ತು. ಅದೇ ಸೇವಂತಿಗೆ ಹಾರ, ಅದೇ ದೀಪ, ಅದೇ ಅಕ್ಷರ. ನಮ್ಮವರ ಮುಖ ಕೂರಿಸಿದ್ದು ಈತನ ಮುಖ ತೆಗೆದ ಜಾಗದಲ್ಲಿ.

"ಬರ್ರಿ ಅಕ್ಕಾ" ಎಂದು ಅವಳು ನನ್ನ ಕೈ ಹಿಡಿದಳು. ನನ್ನ ಚೀಲದಲ್ಲಿ ಕತ್ತರಿ ಇತ್ತು. ಅಲ್ಲಿ ನಾನು ಕತ್ತರಿಸಬಹುದಾದದ್ದು ಏನೂ ಇರಲಿಲ್ಲ.