ತೂತುಬಿದ್ದ ಗೋಡೆ ಮತ್ತು ವೈನಿಯ ಬದನೆ

ಎಳ್ಳಮಾವಾಸ್ಯೆಗೆ ಮುಂಚೆ ಹೊಲದ ಪಂಪ್‌ಮನೆಯ ಮಣ್ಣಿನ ಗೋಡೆ ಮೆತ್ತುವುದು ನಮ್ಮ ರೂಢಿ. ಆ ದಿನ ಬಂಧುಬಳಗವೆಲ್ಲ ಲಚ್ಯಾಣದ ಹತ್ತಿರದ ನಮ್ಮ ಹೊಲಕ್ಕೆ ಬಂದು, ಬೆಳೆಗೆ ನೈವೇದ್ಯವೆಂದು ಚರಗದ ಅನ್ನ ಚೆಲ್ಲಿ, ಅಲ್ಲೇ ಕುಳಿತು ಉಣ್ಣುತ್ತದೆ. ಈ ಸಲ ಚಡಚಣದ ಬೀಗರೂ ಬರುವವರಿದ್ದರು. ಅಣ್ಣನ ಮಗಳ ಮದುವೆ ಆಗಷ್ಟೇ ನಿಶ್ಚಯವಾಗಿತ್ತು. ಅವರೆದುರು ಎಲ್ಲವೂ ಚೊಕ್ಕಟವಾಗಿರಬೇಕೆಂದು ವೈನಿ, ಅಂದರೆ ಅಣ್ಣನ ಹೆಂಡತಿ, ಹಿಂದಿನ ದಿನವೇ ಮಣ್ಣು ಕಲಸಿಕೊಂಡು ನಿಂತಿದ್ದರು.

ಬಿಸಿಲು ಬೀಳುವ ಗೋಡೆಗೆ ಮೆತ್ತಬೇಡಿ ಎಂದು ನಾನು ಅಡ್ಡ ಬಂದೆ. ಅದರ ತುಂಬ ಪೆನ್ಸಿಲ್ ತೂರುವಷ್ಟು ತೂತುಗಳು. ಹೊಟ್ಟೆಯ ಮೇಲೆ ತಿಳಿನೀಲಿ ಪಟ್ಟಿಯಿದ್ದ ಕಾಡುಜೇನುಗಳು ಅವುಗಳೊಳಗೆ ಹೋಗಿಬಂದು ಮಾಡುತ್ತಿದ್ದವು.

"ಜೇನಂದ್ರ ತುಪ್ಪ ಕೊಡಬೇಕವಾ. ಇದೇನ್ ಕೊಡ್ತೈತಿ?" ಎಂದರು ವೈನಿ.

"ನಿಮ್ಮ ಬದನಿಕಾಯಿ ಕೊಡ್ತೈತ್ರಿ."

"ಬದನಿ ಹಚ್ಚಿದಾಕಿ ನಾ, ನೀರ ಬಿಟ್ಟಾಕಿ ನಾ. ಹೆಸರು ಮಾತ್ರ ಹುಳಕ್ಕ! ಭಾಳ ಸಾಲಿ ಕಲತಿ ಬಿಡು."

ಚಿಕ್ಕಂದಿನಲ್ಲೂ ಇವು ಇಲ್ಲಿದ್ದವು ಎಂದು ಹೇಳಹೊರಟವಳು ಸುಮ್ಮನಾದೆ. ಅವ್ವ ಮೆತ್ತುತ್ತಿದ್ದ ಗೋಡೆಯ ಮೇಲೆ ನನ್ನ ನೆನಪು ಈಗ ನೀಲಿ ಪಟ್ಟಿಗಳನ್ನು ತೋರಿಸುತ್ತದೆ ನಿಜ. ಆದರೆ ವಿಶ್ವವಿದ್ಯಾಲಯದಲ್ಲಿ ಅವುಗಳ ಚಿತ್ರ ನೋಡುವ ಮೊದಲೂ ತೋರಿಸುತ್ತಿತ್ತೇ? ಖಾತ್ರಿಯಿಲ್ಲ. ಆಗ ನಮಗೆ ಹೆಜ್ಜೇನು, ಕೋಲುಜೇನು ಅಷ್ಟೇ ಜೇನು, ಉಳಿದದ್ದೆಲ್ಲ ಹುಳ. ನೆನಪನ್ನು ಸಾಕ್ಷಿಗೆ ಕರೆಯದೆ ವೈನಿಯನ್ನೇ ಬದನೆ ಸಾಲಿಗೆ ಕರೆದೊಯ್ದೆ. ಕಣ್ಣೆದುರಿನದರ ಬಗ್ಗೆ ನನಗೆ ಅನುಮಾನವಿರಲಿಲ್ಲ.

ದಾರಿಯ ತೊಗರಿಯಲ್ಲಿ ಒಂದು ದೊಡ್ಡ ಕರಿ ದುಂಬಿ ಹೂವನ್ನೇ ಬಗ್ಗಿಸಿ ಕೂತಿತ್ತು. ಪಕ್ಕದಲ್ಲಿ ಎಲೆ ಕತ್ತರಿಸಿ ಗೂಡು ಕಟ್ಟುವ ಸಣ್ಣ ಜೇನು, ಹೊಟ್ಟೆಗೆಲ್ಲ ಹಳದಿ ಪರಾಗ ಮೆತ್ತಿಕೊಂಡಿತ್ತು. ಬದನೆ ಸಾಲಿನಲ್ಲಿ ನಮ್ಮ ನೀಲಿಪಟ್ಟಿಯದು ಒಂದು ಹೂವನ್ನು ತಬ್ಬಿತು. ಅದರ ಗುಂಯ್ ಸದ್ದು ಒಮ್ಮೆಲೇ ಏರಿತು. ಹೂವು ನಡುಗಿ ಪರಾಗ ಉದುರಿತು.

ವೈನಿ ಬಗ್ಗಿದರು. "ಅಯ್ಯ, ಮೊಬೈಲ್ ವೈಬ್ರೇಟ್ ಆದಂಗ ಆಗ್ತೈತಲ್ಲ!"

"ಹಂಗ ಅಲ್ಲಾಡಿಸಿದ್ರನ ಹೂವು ಪರಾಗ ಬಿಡತೈತ್ರಿ. ಕಾಯಿ ಚಲೋ ಹಿಡೀತಾವು."

"ಗೋಡಿ ಮೆತ್ತಿದ್ರ?"

"ಮರಿ ಒಳಗ ಸಿಕ್ಕೊಂಡು ಸಾಯ್ತಾವ್ರಿ."

ವೈನಿ ಹಿಂದಿರುಗಿ ಮಣ್ಣಿಗೆ ಕೈ ಹಾಕಿದರು. ಉಳಿದ ಗೋಡೆಗಳು ಸಂಜೆಯೊಳಗೆ ನುಣ್ಣಗಾದವು. ಬಿಸಿಲಿನ ಗೋಡೆ ಮಾತ್ರ ಹಾಗೇ ಇತ್ತು.

ಮರುದಿನ ಬೀಗತಿ ಚಳಿ ಕಾಯಿಸಲು ಅದೇ ಗೋಡೆಗೆ ಬೆನ್ನು ಕೊಟ್ಟು ಉಣ್ಣಲು ಕೂತರು. ತೂತುಗಳನ್ನು ನೋಡಿ, "ಯಾಕ್ರಿ, ಮಣ್ಣ ಸಾಲಲಿಲ್ಲೇನ್ರಿ?" ಎಂದರು. ಸುತ್ತ ಕೂತವರು ನಕ್ಕರು. ಬೀಗರು ಏನೆನ್ನುವರೋ ಎಂಬ ಅಂಜಿಕೆ ವೈನಿಯದು, ಗೋಡೆ ಬಿಡಿಸಿದ ಹಟ ನನ್ನದಾಗಿತ್ತು.

ವೈನಿ ಅವರ ತಟ್ಟೆಗೆ ಇನ್ನೊಂದು ಎಣ್ಣೆಗಾಯಿ ಬಡಿಸಿದರು. "ಮಣ್ಣ ರಗಡ ಇತ್ರಿ. ಈ ಬದನಿ ಹಿಡಿಸೋರ ಮನಿ ಅದು, ಮುಚ್ಚಲಿಲ್ಲ. ಉಂಡು ನೋಡಿ ಆಮ್ಯಾಲೆ ಹೆಸರಿಡ್ರಿ."

ಬೀಗತಿ ಉಂಡರು. ಯಾವ ಕೊರತೆಗೂ ಹೆಸರಿಡಲಿಲ್ಲ. ಅಷ್ಟರಲ್ಲಿ ನೀಲಿಪಟ್ಟಿಯದೊಂದು ಬಂದು, ದಾರಿ ಸಿಗದೆ ಅವರ ಕಿವಿಯ ಬಳಿ ತೂಗಾಡಿತು.

"ಸರೀರಿ ಬೀಗತಿ, ಅದು ಮನಿಗಿ ಹೊಂಟೈತಿ," ಎಂದರು ವೈನಿ.

ಅವರು ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದು ಕೂತರು.