ಐದು ಲೀಟರಿನ ಕ್ಯಾನು, ಶಾಲೆಯ ಬೀಗ

ಅವ್ವನ ಮೂತ್ರಪಿಂಡದಲ್ಲಿ ಎರಡನೆಯ ಬಾರಿ ಕಲ್ಲು ಕಂಡಾಗ ಜಹೀರಾಬಾದಿನ ವೈದ್ಯರು ಐದು ಲೀಟರಿನ ಕ್ಯಾನು ಕೊಟ್ಟು, ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಹನಿಯೂ ಬಿಡದೆ ಹಿಡಿದು ತರಲು ಹೇಳಿದರು. ಅವ್ವ ತೆಲುಗು ರಾಜ್ಯದ ಗಡಿಯಲ್ಲಿರುವ, ನಾರಾಯಣಖೇಡದ ಕಡೆಯ ನಮ್ಮೂರ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಮರುವಾರ ಲ್ಯಾಬಿನಾತ ಕ್ಯಾನನ್ನು ಎತ್ತಿ ನೋಡಿದ, ತಳವಷ್ಟೇ ಮುಚ್ಚಿತ್ತು.

“ಅಮ್ಮಾ, ಸಾಲ್ಯಾಗ ಇದ್ದಾಗಿಂದು ಹಿಡಿಯಾಕ ಮರ್ತೀರೇನ್ರಿ?”

“ಅಲ್ಲಿ ಹೋದ್ರಲ್ಲಪ್ಪಾ ಹಿಡಿಯಾದು! ಪಾಯಖಾನಿಗೆ ಬೀಗ ಹಾಕಿರ್ತಾರ. ಅದಕ್ಕ ಸಾಲಿ ಬಿಡೋತನಾ ನೀರೇ ಕುಡಿಯಲ್ಲ.”

ವೈದ್ಯರು ನನಗೆ ಬಿಡಿಸಿ ಹೇಳಿದರು. ಮೂತ್ರದಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಕಲ್ಲಾಗಲು ಬಿಡುವುದಿಲ್ಲ. ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುವ ಆಕ್ಸಲೇಟನ್ನು ಮೆಗ್ನೀಸಿಯಂ ಹಾಗೆಯೇ ತಡೆಯುತ್ತದೆ. ಮೂತ್ರಪಿಂಡವೇ ತಯಾರಿಸುವ ಕೆಲವು ಪ್ರೋಟೀನುಗಳು ಹರಳುಗಳು ಒಂದಕ್ಕೊಂದು ಅಂಟದಂತೆ ಕಾಯುತ್ತವೆ. ಆದರೆ ನೀರು ಕಡಿಮೆಯಾದರೆ ಈ ಕಾವಲು ಸೋಲುತ್ತದೆ. ಹೀಗೇ ನಡೆದರೆ ಮೂತ್ರಪಿಂಡ ಉಳಿಯುವುದು ಕಷ್ಟ ಎಂದರು.

ಹಾಜರಿ ಪುಸ್ತಕವಿಲ್ಲದೆ, ಭತ್ಯೆ ಕೇಳದೆ ದುಡಿಯುವ ಇಲಾಖೆಯೊಂದು ಅವ್ವನ ಹೊಟ್ಟೆಯಲ್ಲಿದೆ ಎಂದು ತಿಳಿದು ಹೆಮ್ಮೆಯಾಯಿತು. ಹೊರಗಿನ ಶಿಕ್ಷಣ ಇಲಾಖೆಗೆ ಅರ್ಜಿ ಬರೆದೆ: ಶಾಲೆಯ ಶೌಚಾಲಯಕ್ಕೆ ಬೀಗವೇಕೆ? ಶುಚಿತ್ವ ಕಾಪಾಡಲು ಎಂದು ಶುದ್ಧ ತೆಲುಗಿನಲ್ಲಿ ಉತ್ತರ ಬಂತು. ಒಪ್ಪಲೇಬೇಕು, ಯಾರೂ ಕಾಲಿಡದ ಶೌಚಾಲಯದಷ್ಟು ಶುಚಿಯಾದದ್ದು ಬೇರೊಂದಿಲ್ಲ. ತಪಾಸಣೆಯ ಸಾಹೇಬರು ಬಂದ ದಿನ ಮಾತ್ರ ಅದು ತೆರೆಯುತ್ತಿತ್ತು. ಅವರು ನೋಡಿ, ಮೆಚ್ಚಿ, ಸಹಿ ಮಾಡಿ ಹೋಗುತ್ತಿದ್ದರು. ಅವ್ವನ ಕಲ್ಲಿಗೆ ಸಹಿ ಮಾಡಿದವರು ಯಾರು ಎಂದು ನಾನು ಎರಡನೆಯ ಅರ್ಜಿ ಸಿದ್ಧಪಡಿಸಿದೆ.

ಅಷ್ಟರಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕಾಯಿತು, ಈ ಸಲ ಹೊಟ್ಟೆ ತುಂಬ ನೀರು ಕುಡಿದು. ಅರ್ಜಿ ಕೊಡಲು ನಾನು ಶಾಲೆಗೆ ಹೋದಾಗ ಅವ್ವ ಆಗಲೇ ಕ್ಯಾನನ್ನು ಮುಖ್ಯಗುರುಗಳ ಮೇಜಿನ ಮೇಲೆ ಇಟ್ಟು ನಿಂತಿದ್ದಳು.

“ಸಾರ್, ಒಂದ್ ಹನಿನೂ ಬಿಡಬ್ಯಾಡ ಅಂದಾರ್ರಿ ಡಾಕ್ಟ್ರು. ಬೀಗ ತೆಗಿತೀರೊ, ಇಲ್ಲೇ ಕುಂದರ್ಲೊ?”

“ಏ, ಏ! ಮೊದ್ಲ ಅದನ್ನ ಕೆಳಗ ಇಡಮ್ಮಾ!”

ಮೂರು ಡ್ರಾಯರು ತಡಕಾಡಿದ ಮೇಲೆ ಚಾವಿ ಸಿಕ್ಕಿತು. ಅವ್ವ ಅದನ್ನು ಇಸಿದುಕೊಂಡು ಶೌಚಾಲಯದ ಬೀಗ ತೆಗೆದಳು. ಒಳಗೆ ನೆಲಕ್ಕೆ ಹಾಸಿದ ತಾಂಡೂರಿನ ಬಂಡೆ ಹೊಳೆಯುತ್ತಿತ್ತು. ಬಕೆಟ್ಟಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಅವ್ವ ಹೊರಬರುವಷ್ಟರಲ್ಲಿ ಐದನೆಯ ತರಗತಿಯ ಹುಡುಗಿಯರು ಬಾಗಿಲ ಮುಂದೆ ಸಾಲುಗಟ್ಟಿದ್ದರು.

ಗುರುಗಳು ಚಾವಿಗೆ ಕೈ ಚಾಚಿದರು. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, “ಬ್ಯಾಳಿ ಉಕ್ಕಾಕತ್ತದರಿ” ಎಂದು ಅಡುಗೆ ಕೋಣೆಗೆ ನಡೆದಳು.